ಪ್ರಶ್ನೋತ್ತರ: ಮನುಷ್ಯ ಕುಲ ಉಳಿಯಲು ಮಂಗಳಕ್ಕೆ ಹೋಗಲೇಬೇಕಾ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕಳೆದ ವಾರ ಗುಂಪಿನಲ್ಲಿ ಒಂದು ವಿಡಿಯೋ ಸುತ್ತಾಡಿತು. ಭೂಮಿ ಯಾವಾಗ ಬೇಕಾದರೂ ಹಾಳಾಗಬಹುದು, ಮನುಷ್ಯ ಕುಲ ಉಳಿಯಬೇಕಾದರೆ ಮಂಗಳದಲ್ಲಿ ಊರು ಕಟ್ಟಲೇಬೇಕು ಅಂತ ಅದರಲ್ಲಿತ್ತು. ಆ ಬಗ್ಗೆ ಕೇಳಲು ಇವತ್ತು ಡಾಕ್ಟರ್ ಮೇಡಂ ಬಂದಿದ್ದಾರೆ. ವಾಯುಪಡೆಯಲ್ಲಿ ವೈದ್ಯರಾಗಿದ್ದವರು. ಆಕಾಶಕ್ಕೆ ಹೋದವರ ದೇಹಕ್ಕೆ ಏನಾಗುತ್ತದೆ ಅನ್ನೋದೇ ಅವರ ವಿಷಯ. ನಿವೃತ್ತರಾಗಿ ಈಗ ನಮ್ಮ ಕೊಡಗಿನ ಪಾಲಿಬೆಟ್ಟದ ಹತ್ತಿರ ಇದ್ದಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಮಡಿಕೇರಿ ಉಪನ್ಯಾಸಕ: ನಮಸ್ಕಾರ ಮೇಡಂ. 6.6 ಕೋಟಿ ವರ್ಷದ ಹಿಂದೆ ಸುಮಾರು 10 ಕಿಲೋಮೀಟರ್ ಅಗಲದ ಕಲ್ಲೊಂದು ಬಿದ್ದು ಡೈನೋಸಾರ್‌ಗಳು ಹೋದವು. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೂಡ ಮನುಷ್ಯ ಒಂದೇ ಗ್ರಹ ನಂಬಿಕೊಂಡಿರಬಾರದು ಎನ್ನುತ್ತಿದ್ದರು. ಇಲಾನ್ ಮಸ್ಕ್ ಮಂಗಳದಲ್ಲಿ 10 ಲಕ್ಷ ಜನರ ಊರು ಎನ್ನುತ್ತಾರೆ. ನಿಮ್ಮ ಅಭಿಪ್ರಾಯ?

ಡಾಕ್ಟರ್: ನಮಸ್ಕಾರ. ಹೋಗಬೇಕು, ಅಲ್ಲಿ ಬದುಕುವುದನ್ನು ಕಲಿಯಬೇಕು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈಗಲೇ ಅದನ್ನು ಕುಲ ಉಳಿಸುವ ವಿಮೆ ಅಂತ ಹೇಳುವುದನ್ನು ಒಪ್ಪಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2000ದ ನವೆಂಬರ್‌ನಿಂದ ಒಂದು ದಿನವೂ ಬಿಡದೆ ಜನ ಇದ್ದಾರೆ. ಅದು ಇರುವುದು ಸುಮಾರು 400 ಕಿಲೋಮೀಟರ್ ಮೇಲೆ. ಇವತ್ತಿಗೂ ಊಟ, ಬಿಡಿಭಾಗ, ಔಷಧಿ ಎಲ್ಲ ಕೆಳಗಿನಿಂದಲೇ ಹೋಗಬೇಕು. ಮಂಗಳಕ್ಕೆ ಹೊರಡಲು ಸರಿಯಾದ ಸಮಯ 26 ತಿಂಗಳಿಗೊಮ್ಮೆ ಬರುತ್ತದೆ, ದಾರಿ ಆರರಿಂದ ಒಂಬತ್ತು ತಿಂಗಳು. ಭೂಮಿಯಿಂದ ಸಾಮಾನು ಬರದಿದ್ದರೆ ಬದುಕಲಾಗದ ಊರು, ಭೂಮಿ ಹೋದ ಮೇಲೆ ಎಷ್ಟು ದಿನ ಇರುತ್ತದೆ?

ಕಲ್ಲಿನ ವಿಷಯಕ್ಕೆ ಬೇರೆ ದಾರಿ ಇದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡಿಮಾರ್ಫೋಸ್ ಎಂಬ ಸಣ್ಣ ಕ್ಷುದ್ರಗ್ರಹಕ್ಕೆ ಬೇಕೆಂದೇ ಗುದ್ದಿತು. ಅದು ತನ್ನ ಜೊತೆಯ ದೊಡ್ಡ ಕಲ್ಲನ್ನು ಸುತ್ತುವ ಸಮಯ ಅರ್ಧ ಗಂಟೆಗಿಂತ ಜಾಸ್ತಿ ಕಡಿಮೆಯಾಯಿತು. ಕಲ್ಲನ್ನೇ ತಳ್ಳಬಹುದು ಅಂತ ಗೊತ್ತಾಗಿದೆ.

ಕುಶಾಲನಗರ ಗ್ಯಾರೇಜ್: ಮೇಡಂ, ಚಂದ್ರನಲ್ಲಿ ಸೈಟ್ ತಗೊಳ್ಳಬಹುದಾ? ಸರ್ಟಿಫಿಕೇಟ್ ಕೊಡ್ತಾರಂತೆ.

ಡಾಕ್ಟರ್: ಬೇಡ. 1967ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಯಾವ ದೇಶವೂ ಅಲ್ಲಿನ ನೆಲ ತನ್ನದು ಅನ್ನುವ ಹಾಗಿಲ್ಲ. ಆ ಕಾಗದಕ್ಕೆ ಬೆಲೆ ಇಲ್ಲ.

ಗೋಣಿಕೊಪ್ಪದ ತಾಯಿ: ಮೇಡಂ, ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ಮಗ ಎರಡನೇ ಪಿಯುಸಿ, 17 ವರ್ಷ. ಮಂಗಳಕ್ಕೆ ಹೋಗುತ್ತೇನೆ, ಈಗಿನಿಂದಲೇ ದೇಹ ತಯಾರು ಮಾಡಬೇಕು ಅಂತಾನೆ. ಮಂಚದ ಕಾಲಿನ ಕಡೆ ಎರಡೆರಡು ಇಟ್ಟಿಗೆ ಇಟ್ಟು, ತಲೆ ಕೆಳಗಾಗಿ ಮಲಗುತ್ತಾನೆ. ಅದು ಹೋಗಲಿ ಅಂದ್ರೆ, ಮೂರು ತಿಂಗಳಿಂದ ಅಯೋಡಿನ್ ಹನಿ ಕುಡಿಯುತ್ತಿದ್ದಾನೆ. ದಿನಾ ಹತ್ತು ಹನಿ, ನೀರಿಗೆ ಹಾಕಿಕೊಂಡು. ವಿಕಿರಣ ತಡೆಯುತ್ತೆ ಅಂತ ಮೆಸೇಜ್ ಬಂದಿತ್ತಂತೆ. ಸ್ವಲ್ಪ ಇಳಿದಿದ್ದಾನೆ. ರಾತ್ರಿ ಎದೆ ಡವಡವ ಅನ್ನುತ್ತೆ ಅಂತಾನೆ. ಓದಿನ ಟೆನ್ಶನ್ ಇರಬಹುದಾ?

ಡಾಕ್ಟರ್: ಅಮ್ಮ, ಇಲ್ಲಿಯೇ ಕೇಳಿದ್ದು ಒಳ್ಳೆಯದಾಯಿತು. ಮೊದಲು ಆ ಬಾಟಲಿ ಅವನ ಕೈಯಿಂದ ತಗೊಳ್ಳಿ. ಎಸೆಯಬೇಡಿ, ಎತ್ತಿಡಿ. ಇನ್ನು ಒಂದು ಹನಿಯೂ ಬೇಡ.

ಅಯೋಡಿನ್ ಮಾತ್ರೆ ಕೊಡುವುದು ಪರಮಾಣು ಸ್ಥಾವರದಲ್ಲಿ ಅವಘಡ ಆದಾಗ. ಅಲ್ಲಿ ವಿಕಿರಣ ಸೂಸುವ ಅಯೋಡಿನ್ ಗಾಳಿಗೆ ಸೇರುತ್ತದೆ. ಅದು ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಳ್ಳದಂತೆ, ಮೊದಲೇ ಒಳ್ಳೆಯ ಅಯೋಡಿನ್ ತುಂಬಿಸುತ್ತಾರೆ. ಅಷ್ಟೇ ಅದರ ಕೆಲಸ. ಬಾಹ್ಯಾಕಾಶದ ವಿಕಿರಣ ಬೇರೆ. ಅದು ಬೆಳಕಿನ ವೇಗದ ಹತ್ತಿರ ಬರುವ ಪರಮಾಣು ಚೂರುಗಳು, ಮೈಯನ್ನೇ ಹಾದು ಹೋಗುತ್ತವೆ. ಅದಕ್ಕೆ ಅಯೋಡಿನ್ ಏನೂ ಮಾಡಲ್ಲ. ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣ ಇದೆ, 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿಯಿತು. ಅದು ಥೈರಾಯ್ಡ್‌ಗೆ ಅಯೋಡಿನ್ ಹೋಗದಂತೆ ತಡೆಯುತ್ತದೆ. ಯಾರೋ ಈ ಎರಡನ್ನೂ ಕಲಸಿ ಮೆಸೇಜ್ ಮಾಡಿದ್ದಾರೆ. ನಿಮ್ಮ ಮಗ ಓದುವ ಹುಡುಗ, ಅರ್ಧ ಸರಿ ಇರುವುದನ್ನು ನೋಡಿ ನಂಬಿದ್ದಾನೆ.

ಅಯೋಡಿನ್ ಜಾಸ್ತಿಯಾದರೆ ಥೈರಾಯ್ಡ್ ಕೆರಳಬಹುದು, ಇಲ್ಲವೇ ಕೆಲಸವನ್ನೇ ನಿಲ್ಲಿಸಬಹುದು. ತೂಕ ಇಳಿದಿರುವುದು, ಎದೆ ಬಡಿತ, ಎರಡೂ ನನಗೆ ಹಿಡಿಸುತ್ತಿಲ್ಲ. ಈಗಲೇ ಎರಡು ಕೆಲಸ ಮಾಡಿ. ಅವನನ್ನು ಹತ್ತು ನಿಮಿಷ ಸುಮ್ನೆ ಕೂರಿಸಿ, ಆಮೇಲೆ ಒಂದು ಪೂರ್ತಿ ನಿಮಿಷ ನಾಡಿ ಎಣಿಸಿ. ಎರಡೂ ಕೈ ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ನೋಟ್‌ಬುಕ್ಕಿನ ಒಂದು ಹಾಳೆ ಇಡಿ. ಹಾಳೆ ನಡುಗುತ್ತದಾ ನೋಡಿ ಇಲ್ಲೇ ಬರೆಯಿರಿ. ಕಾಯುತ್ತಿರುತ್ತೇನೆ.

ಇಟ್ಟಿಗೆಯ ವಿಷಯ ಅವನಿಗೆ ಹೇಳಿ. ತಲೆಯನ್ನು 6 ಡಿಗ್ರಿ ತಗ್ಗಿಸಿ ಮಲಗಿಸುವುದು ನಿಜವಾದ ಪ್ರಯೋಗ. ತೂಕವಿಲ್ಲದ ಕಡೆ ರಕ್ತ ಮುಖದ ಕಡೆ ಬರುವುದನ್ನು ಅದು ಸ್ವಲ್ಪ ಹೋಲುತ್ತದೆ. 2019ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಜನರನ್ನು 60 ದಿನ ಹಾಗೆ ಮಲಗಿಸಿದ್ದರು. ಅದು ದೇಹ ಎಷ್ಟು ಹಾಳಾಗುತ್ತದೆ ಅಂತ ನೋಡಲು. ದೇಹ ಗಟ್ಟಿ ಮಾಡಲು ಅಲ್ಲ.

ನಾಪೋಕ್ಲು ಸದಸ್ಯ: ಫಾರ್ವರ್ಡ್ ಬಂದಿದ್ದು: ತುಳಸಿ, ಅರಿಶಿನ, ಕರಿಮೆಣಸಿನ ಕಷಾಯ ದಿನಾ ಕುಡಿದರೆ ಯಾವ ವಿಕಿರಣವೂ ತಾಗಲ್ಲ. ಎಲ್ಲರಿಗೂ ತಲುಪಿಸಿ.

ಡಾಕ್ಟರ್: ಯಾರಿಗೂ ತಲುಪಿಸಬೇಡಿ. ಭೂಮಿಯಲ್ಲಿ ನಮಗೆ ಸಹಜವಾಗಿ ತಾಗುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ). ಮಂಗಳದ ನೆಲದಲ್ಲಿ ಕ್ಯೂರಿಯಾಸಿಟಿ ನೌಕೆ ಅಳೆದದ್ದು ದಿನಕ್ಕೆ ಸುಮಾರು 0.67. ಇಲ್ಲಿ ಒಂದು ವರ್ಷದಲ್ಲಿ ಆಗುವುದು ಅಲ್ಲಿ ನಾಲ್ಕೇ ದಿನದಲ್ಲಿ ಆಗುತ್ತದೆ. ಅದನ್ನು ತಡೆಯಲು ಮೀಟರ್‌ಗಟ್ಟಲೆ ಮಣ್ಣು ಬೇಕು. ಕಷಾಯ ಅಲ್ಲ.

ಸೋಮವಾರಪೇಟೆ ಪ್ಲಾಂಟರ್: ಮೇಡಂ, ದೊಡ್ಡ ಗಾಜಿನ ಮನೆ ಕಟ್ಟಿ ಒಳಗೆ ಕಾಡು ಬೆಳೆಸಿದರೆ ಉಸಿರಾಟಕ್ಕೆ ಸಾಕಾಗಲ್ವಾ?

ಡಾಕ್ಟರ್: ಮಾಡಿ ನೋಡಿದ್ದಾರೆ. ಅಮೆರಿಕದ ಅರಿಝೋನಾದಲ್ಲಿ ಬಯೋಸ್ಫಿಯರ್ 2 ಅಂತ. ಮೂರು ಎಕರೆಗಿಂತ ಸ್ವಲ್ಪ ಜಾಸ್ತಿ ಜಾಗ, ಒಳಗೆ ಕಾಡು, ಗದ್ದೆ, ಪುಟ್ಟ ಸಮುದ್ರ. 1991ರಲ್ಲಿ ಎಂಟು ಜನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. 16 ತಿಂಗಳಲ್ಲಿ ಆಮ್ಲಜನಕ ಶೇ. 20.9ರಿಂದ 14.5ರ ಹತ್ತಿರಕ್ಕೆ ಇಳಿಯಿತು. ಕಾರಣ ನಿಮಗೆ ಅರ್ಥವಾಗುತ್ತದೆ. ಮಣ್ಣಿಗೆ ಗೊಬ್ಬರ ಜಾಸ್ತಿ ಹಾಕಿದ್ದರು. ಮಣ್ಣಿನ ಜೀವಾಣುಗಳು ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟವು. ಅದನ್ನು ಗೋಡೆಯ ಕಾಂಕ್ರೀಟ್ ಹೀರಿಕೊಂಡಿತು, ಗಿಡಕ್ಕೆ ವಾಪಸ್ ಸಿಗಲಿಲ್ಲ. ಕೊನೆಗೆ 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ಬಿಟ್ಟರು. ಪರಾಗಸ್ಪರ್ಶ ಮಾಡುವ ಹುಳುಗಳೂ ಬಹುಪಾಲು ಸತ್ತವು.

ಸೋಮವಾರಪೇಟೆ ಪ್ಲಾಂಟರ್: ಹುಳದ ಮಾತು ನಿಜ ಮೇಡಂ. 90ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದಾಗ ನಮ್ಮ ತಂದೆಯ ಹತ್ತಿರ ಇಪ್ಪತ್ತು ಜೇನುಪೆಟ್ಟಿಗೆ ಇದ್ದವು. ಮುಚ್ಚಳ ತೆಗೆದರೆ ಎರಿಯ ಕಣ್ಣುಗಳಲ್ಲಿ ಮರಿಗಳು ನೀರು ತುಂಬಿದ ಪುಟ್ಟ ಚೀಲದ ಹಾಗೆ ಸತ್ತು ಬಿದ್ದಿದ್ದವು. ಒಂದು ಕಾಯಿಲೆಗೆ ಅಷ್ಟೂ ಪೆಟ್ಟಿಗೆ ಖಾಲಿ. ಕಾಡಿನ ಮರದ ಪೊಟರೆಯಲ್ಲಿ ಒಂದಿಷ್ಟು ಹುಟ್ಟು ಉಳಿದಿತ್ತು, ಅದರಿಂದಲೇ ಮತ್ತೆ ಜೇನು ಬಂದಿದ್ದು.

ಮಡಿಕೇರಿ ಉಪನ್ಯಾಸಕ: ನಾನು ಹೇಳೋದೂ ಅದೇ ಅಲ್ವಾ! ಎರಡನೇ ಜಾಗದಲ್ಲಿ ಉಳಿದಿದ್ದಕ್ಕೆ ಮತ್ತೆ ಬಂತು. ಸಿಲೋನ್ (ಶ್ರೀಲಂಕಾ) ನೋಡಿ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಕಾಫಿ ಪೂರ್ತಿ ಹೋಯಿತು, ಟೀ ಹಾಕಿದರು. ಬೇರೆ ದೇಶಗಳಲ್ಲಿ ಕಾಫಿ ಇದ್ದಿದ್ದಕ್ಕೆ ಕಾಫಿ ಕುಲ ಉಳಿಯಿತು.

ಮಕ್ಕಂದೂರಿನವರು: ಸಾರ್, 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡ ಜಾರಿದಾಗ ನಾನು ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದವನು. ಶಿಬಿರದಲ್ಲಿ ಚಾಪೆ ಮೇಲೆ ಮಲಗಿದ್ದೆ. ಇಲ್ಲಿ ಬೆಟ್ಟ ಕೊರೆಯೋದನ್ನು ನಿಲ್ಲಿಸಲಾರದವರು ಮಂಗಳದಲ್ಲಿ ಊರು ಕಟ್ಟುತ್ತಾರಾ?

ಮಡಿಕೇರಿ ಉಪನ್ಯಾಸಕ: ಅಣ್ಣ, ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋದಾ?

ಮಕ್ಕಂದೂರಿನವರು: ಬೆಂಕಿ ಬಿದ್ದಾಗಿದೆ ಸಾರ್. ನಿಮಗೆ ಕಾಣ್ತಿಲ್ಲ ಅಷ್ಟೇ. ನನ್ನ ತೋಟ ಇದ್ದ ಕಡೆ ಈಗ ಬರೀ ಕೆಂಪು ಮಣ್ಣು.

ಗೋಣಿಕೊಪ್ಪದ ತಾಯಿ: ಮೇಡಂ, ನಾಡಿ 104. ಹಾಳೆ ನಡುಗುತ್ತಿದೆ. ಸಣ್ಣಗೆ, ಆದರೆ ನಿಲ್ಲುತ್ತಿಲ್ಲ.

ಡಾಕ್ಟರ್: ಸರಿ. ಗಾಬರಿ ಬೇಡ, ತಡವೂ ಬೇಡ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ನೋಡಲು ಟಿಎಸ್‌ಎಚ್, ಟಿ3, ಟಿ4 ರಕ್ತಪರೀಕ್ಷೆ ಮತ್ತು ಒಂದು ಇಸಿಜಿ. ಅಯೋಡಿನ್ ಕುಡಿದದ್ದನ್ನು ಮರೆಯದೆ ಹೇಳಿ. ರಾತ್ರಿ ಉಸಿರು ಕಟ್ಟಿದರೆ, ತಲೆಸುತ್ತು ಬಂದು ಬಿದ್ದರೆ, ಸುಮ್ನೆ ಕೂತಾಗಲೂ ನಾಡಿ 120 ದಾಟಿದರೆ ಬೆಳಗಿನವರೆಗೆ ಕಾಯಬೇಡಿ. ಬೈಯಬೇಡಿ ಅವನಿಗೆ.

ವಿರಾಜಪೇಟೆ ಶಿಕ್ಷಕಿ: ಮೇಡಂ, ಕುಲ ಉಳಿಯೋದು ಅಂದರೆ ಮಕ್ಕಳು ಹುಟ್ಟಬೇಕಲ್ಲ? ಅಲ್ಲಿ ಹುಟ್ಟುತ್ತಾರಾ?

ಡಾಕ್ಟರ್: ಈ ಪ್ರಶ್ನೆ ಮೊದಲೇ ಬರಬೇಕಿತ್ತು. ಇದುವರೆಗೆ ಭೂಮಿಯ ಹೊರಗೆ ಯಾವ ಮಹಿಳೆಯೂ ಗರ್ಭ ಧರಿಸಿಲ್ಲ. 1979ರಲ್ಲಿ ಸೋವಿಯತ್ ಉಪಗ್ರಹವೊಂದರಲ್ಲಿ ಗಂಡು ಹೆಣ್ಣು ಇಲಿಗಳನ್ನು ಜೊತೆಗೆ ಬಿಟ್ಟರು, ಮರಿ ಆಗಲಿಲ್ಲ. 1998ರಲ್ಲಿ ಎಳೆ ಮರಿಗಳನ್ನು ತಾಯಿಯ ಜೊತೆ ಕಳಿಸಿದರು. ತೂಕವಿಲ್ಲದ ಕಡೆ ತಾಯಿಗೆ ಮರಿಗಳನ್ನು ಒಟ್ಟಿಗೆ ಇಟ್ಟುಕೊಂಡು ಹಾಲು ಕೊಡುವುದು ಕಷ್ಟ, ಹಲವು ಮರಿಗಳು ಸತ್ತವು. 2021ರಲ್ಲಿ ಜಪಾನಿನವರು ಎರಡು ಕೋಶದ ಇಲಿ ಭ್ರೂಣವನ್ನು ನಿಲ್ದಾಣದಲ್ಲಿ ನಾಲ್ಕು ದಿನ ಬೆಳೆಸಿದರು, ಅದು ಬೆಳೆಯಿತು. ಖುಷಿಯ ಸುದ್ದಿ. ಆದರೆ ನಾಲ್ಕೇ ದಿನ.

ಮಂಗಳದಲ್ಲಿ ಗುರುತ್ವ ನಮ್ಮದರ ಶೇ. 38. ನಿಲ್ದಾಣದಲ್ಲಿ ದೊಡ್ಡವರಿಗೇ, ವ್ಯಾಯಾಮ ಮಾಡದಿದ್ದರೆ, ಸೊಂಟದ ಮೂಳೆ ತಿಂಗಳಿಗೆ ಶೇ. 1ರಷ್ಟು ಕರಗುತ್ತದೆ. ಅದಕ್ಕೇ ದಿನಾ ಎರಡು ಗಂಟೆ ಬೆವರು ಸುರಿಸುತ್ತಾರೆ. ಹೆಜ್ಜೆ ಇಡಲು ಕಲಿಯುವ ಮಗುವಿಗೆ ಏನಾಗುತ್ತದೆ? ಬೀಳುವುದು, ಏಳುವುದು, ಓಡುವುದು, ಆ ಭಾರದಿಂದಲೇ ನಮ್ಮ ಮಕ್ಕಳ ಮೂಳೆ ಗಟ್ಟಿಯಾಗುವುದು. ಅಲ್ಲಿ ಬೆಳೆದ ಮಗು ಮುಂದೆ ಭೂಮಿಗೆ ಬಂದು ನಿಲ್ಲಲಾರದೆ ಹೋದರೆ? ದೊಡ್ಡವರು ಒಪ್ಪಿಗೆಗೆ ಸಹಿ ಹಾಕಿ ಹೋಗಬಹುದು. ಮಗುವನ್ನು ಯಾರೂ ಕೇಳಿರುವುದಿಲ್ಲ. ಮೊದಲು ಶೇ. 38 ಗುರುತ್ವದಲ್ಲಿ ಇಲಿಗಳು ಎರಡು ಮೂರು ತಲೆಮಾರು ಬಾಳುವುದನ್ನು ನೋಡಬೇಕು. ತಿರುಗುವ ಯಂತ್ರದಲ್ಲಿ ಅಷ್ಟು ಗುರುತ್ವ ಮಾಡಬಹುದು. ರಾಕೆಟ್‌ಗೆ ಸುರಿಯುವ ಹಣದಲ್ಲಿ ಸ್ವಲ್ಪ ಇದಕ್ಕೆ ಕೊಡಿ ಅಂತ ನಾನು ಕೆಲಸದಲ್ಲಿದ್ದಾಗಿನಿಂದ ಹೇಳುತ್ತಿದ್ದೇನೆ.

ಭಾಗಮಂಡಲ ಸದಸ್ಯೆ: ಅಲ್ಲಿ ಸತ್ತವರನ್ನು ಏನು ಮಾಡುತ್ತಾರೆ ಮೇಡಂ? ಸುಡಲು ಗಾಳಿ ಇಲ್ಲ, ಬಿಡಲು ಹೊಳೆ ಇಲ್ಲ. ಕಾರೋಣರಿಗೆ (ಕುಲದ ಹಿರಿಯರಿಗೆ) ಎಡೆ ಇಡಲು ಐನ್‌ಮನೆ, ಅಂದರೆ ಕುಲದ ಮೂಲಮನೆ, ಇಲ್ಲ.

ಕುಶಾಲನಗರ ಗ್ಯಾರೇಜ್: ಮೇಡಂ, ಚಂದ್ರ ಬೇಡ ಅಂದ್ರಿ, ಮಂಗಳದ ಸೈಟ್?

ಡಾಕ್ಟರ್: ಮೇಲೆ ಹೇಳಿದ್ದೇನೆ.

ನಾಪೋಕ್ಲು ಸದಸ್ಯ: ತಾಮ್ರದ ಬಳೆ ಹಾಕಿಕೊಂಡರೆ ಬಾಹ್ಯಾಕಾಶ ಕಿರಣ ತಾಗಲ್ಲ ಅಂತ ಇನ್ನೊಂದು ಬಂದಿದೆ.

ಡಾಕ್ಟರ್: ಅಳಿಸಿ. ಹಾಕಿದ ನೀವು ಮರೆಯುತ್ತೀರಿ, ಒಂದು ಹುಡುಗ ನಂಬಿ ಮೂರು ತಿಂಗಳು ಕುಡಿಯುತ್ತಾನೆ. ಮೇಲೆ ಓದಿಲ್ಲವಾ?

ಮಡಿಕೇರಿ ಉಪನ್ಯಾಸಕ: ಮಕ್ಕಂದೂರಿನವರಿಗೆ ಇನ್ನೊಂದು ಮಾತು. ಆ ಗುಡ್ಡಗಳ ಬಿರುಕು ನೋಡಲು ಬಳಸುವುದೂ ಉಪಗ್ರಹವನ್ನೇ. ವಿಜ್ಞಾನವನ್ನು ಬೈಯೋದು ಸುಲಭ.

ಮಕ್ಕಂದೂರಿನವರು: ವಿಜ್ಞಾನವನ್ನು ಯಾರ್ರೀ ಬೈದಿದ್ದು? ನಿಮ್ಮ ಪಾಠ ನಿಮ್ಮ ಕ್ಲಾಸಿನಲ್ಲಿ ಇಟ್ಟುಕೊಳ್ಳಿ.

ಮಡಿಕೇರಿ ಉಪನ್ಯಾಸಕ: ಮಾತು ಸರಿಯಾಗಿ ಆಡಿ.

ಸೋಮವಾರಪೇಟೆ ಪ್ಲಾಂಟರ್: ಇಬ್ಬರೂ ಸಾಕು ಮಾಡಿ. ಇಲ್ಲಿ ಒಬ್ಬ ತಾಯಿ ಮಗನ ಆರೋಗ್ಯ ಕೇಳುತ್ತಿದ್ದಾರೆ.

ಅಡ್ಮಿನ್: ಇಬ್ಬರ ಕೊನೆಯ ಮೆಸೇಜ್‌ಗಳನ್ನೂ ತೆಗೆಯುತ್ತಿದ್ದೇನೆ. ಹತ್ತು ಗಂಟೆಗೆ ಮುಚ್ಚುತ್ತೇನೆ.

ಗೋಣಿಕೊಪ್ಪದ ತಾಯಿ: ಇಟ್ಟಿಗೆ ತೆಗೆದೆ ಮೇಡಂ. ಬಾಟಲಿ ನನ್ನ ಬೀರುವಿನಲ್ಲಿದೆ. ಪಕ್ಕದಲ್ಲಿ ಕೂತು ಎಲ್ಲ ಓದಿದ. ಆ ಇಲಿ ಪ್ರಯೋಗ ಮಾಡಬೇಕಾದರೆ ಏನು ಓದಬೇಕು ಅಂತ ಕೇಳು ಅಂತಾನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಡಾಕ್ಟರ್: ಖಾಲಿ ಹೊಟ್ಟೆ ಬೇಕಿಲ್ಲ. ತಿಂಡಿ ತಿನ್ನಿಸಿಯೇ ಕರೆದುಕೊಂಡು ಹೋಗಿ, ಬಾಟಲಿಯೂ ಜೊತೆಗಿರಲಿ. ರಿಪೋರ್ಟ್ ಗುಂಪಿಗೆ ಹಾಕಬೇಡಿ, ನನಗೆ ಮಾತ್ರ ಕಳಿಸಿ. ಓದಿನ ವಿಷಯ ಅವನ ನಾಡಿ 80ಕ್ಕೆ ಇಳಿದ ಮೇಲೆ ನಾನೇ ಅವನ ಹತ್ತಿರ ಮಾತಾಡುತ್ತೇನೆ.