ಕಡಕ್‌ನಾಥ್ ಮರಿಗಳು ಸಾಯುತ್ತಿವೆ, ಕೆಲವಕ್ಕೆ ನೆತ್ತಿಯ ಮೇಲೆ ಹಳದಿ ಬೊಟ್ಟು: ತಳಿ ಕಲಬೆರಕೆಯೇ?

ಕೊಪ್ಪದ_ಹಿತ್ತಲು:
ಸಾಕಾಗಿ ಹೋಗಿದೆ. ನಾಲಿಗೆವರೆಗೂ ಮೈಯೆಲ್ಲ ಕಪ್ಪಿರುವ ಕಡಕ್‌ನಾಥ್ ಕೋಳಿ ಎಂದು ಹೇಳಿದ್ದನ್ನು ನಂಬಿ ಸಂತೆಯಿಂದ 20 ಮರಿ ತಂದು ನಾಲ್ಕು ದಿನವಾಯಿತು. ಇವತ್ತು ಬೆಳಿಗ್ಗೆ ಎಣಿಸಿದರೆ 14. ಹಗಲು ಚುರುಕಾಗಿಯೇ ಇರುತ್ತವೆ, ಬೆಳಗಾಗುವಷ್ಟರಲ್ಲಿ ಒಂದೆರಡು ಮೂಲೆಯಲ್ಲಿ ಚಪ್ಪಟೆಯಾಗಿ ಬಿದ್ದಿರುತ್ತವೆ. ಆಹಾರ, ನೀರು, ಬಲ್ಬು ಎಲ್ಲವೂ ಇದೆ. ಏಳು ಮರಿಗಳ ನೆತ್ತಿಯ ಮೇಲೆ ಹಳದಿ ಬೊಟ್ಟು, ಅವುಗಳ ಕಾಲೂ ಅಷ್ಟು ಕಪ್ಪಿಲ್ಲ. ಕಲಬೆರಕೆ ಮಾಲು ಕೊಟ್ಟಿದ್ದಾನೆ, ಅದಕ್ಕೇ ತಾಳಿಕೆ ಇಲ್ಲ ಎಂದು ನನ್ನ ಅನುಮಾನ. ಶುದ್ಧ ತಳಿಯನ್ನು ಗುರುತಿಸುವುದು ಹೇಗೆ?

ಪಟ್ಟೆಗರಿ:
ಬೊಟ್ಟು ಇದೆ ಎಂದ ಕೂಡಲೇ ಅರ್ಥವಾಯಿತು. ಅದು ಪಟ್ಟೆ ಗರಿಯ ಗುಣ, ಪ್ಲೈಮೌತ್ ರಾಕ್‌ನಂಥ ಕೋಳಿಯಿಂದ ಬರುತ್ತದೆ. ಕಡಕ್‌ನಾಥ್ ಹುಂಜಕ್ಕೆ ಪಟ್ಟೆ ಹೇಟೆಯನ್ನು ಬಿಟ್ಟರೆ, ಹೇಟೆ ತನ್ನ ಪಟ್ಟೆಯ ಗುಣವನ್ನು ಗಂಡುಮರಿಗಳಿಗೆ ಮಾತ್ರ ಕೊಡುತ್ತದೆ. ಚರ್ಮದ ಕಪ್ಪನ್ನು ತಡೆಯುವ ಗುಣವೂ ಅದೇ ದಾರಿಯಲ್ಲಿ ಇಳಿಯುತ್ತದೆ. ಹಾಗಾಗಿ ಬೊಟ್ಟಿರುವ, ಕಾಲು ತಿಳಿಯಾಗಿರುವ ನಿಮ್ಮ ಏಳೂ ಹುಂಜಗಳು. ಬೊಟ್ಟಿಲ್ಲದವು ಕಪ್ಪಗೆ ಕಂಡರೂ ಅದೇ ಗೂಡಿನ ಹೇಟೆಗಳಾಗಿರಬಹುದು, ಅವನ್ನು ಶುದ್ಧವೆಂದು ನಂಬಬೇಡಿ. ಶುದ್ಧ ಕಡಕ್‌ನಾಥ್ ಮರಿಯ ಬೆನ್ನ ಮೇಲೆ ನೀಲಿಗಪ್ಪು ಬಣ್ಣದಲ್ಲಿ ಅಸ್ತವ್ಯಸ್ತ ಗೆರೆಗಳಿರುತ್ತವೆ. ಮಧ್ಯಪ್ರದೇಶದ ಝಾಬುವಾದ ಈ ಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ, ಹೆಸರಿಗೆ ಬೆಲೆ ಬಂದಿದೆ. ಸಂತೆಯಲ್ಲಿ ಕೊಳ್ಳುವಾಗ ತಾಯಿಕೋಳಿ ತೋರಿಸಿ ಎಂದು ಕೇಳಲೇಬೇಕು.

ಶಿರಾ_ಹುಂಜ:
ಇದು ಕೊಕ್ಕರೆ ರೋಗ, ಗೂಡಿಗೆಲ್ಲ ಹರಡುವ ರಾಣಿಖೇತ್. ತಡಮಾಡದೆ ಲಸಿಕೆ ಹಾಕಿಸಿ.

ಕೊಪ್ಪದ_ಹಿತ್ತಲು:
ಶಿರಾ ಅಣ್ಣ, ಕತ್ತು ತಿರುಚಿಕೊಂಡಿಲ್ಲ, ಹಸಿರು ಭೇದಿಯೂ ಇಲ್ಲ. ಎರಡು ಮರಿಗಳ ಹಿಂಭಾಗದಲ್ಲಿ ಹಿಕ್ಕೆ ಅಂಟಿ ಒಣಗಿದೆ, ಅಷ್ಟೇ.

ಶಿರಾ_ಹುಂಜ:
ಲಕ್ಷಣ ಕಾಣುವವರೆಗೆ ಕಾಯಬೇಡಿ. ಮೊದಲ ಲಸಿಕೆಯನ್ನು 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಹನಿ ಹಾಕುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಹೋದ ವರ್ಷ ಹಾಕಿಸದೆ ಅರ್ಧ ಗೂಡು ಕಳೆದುಕೊಂಡೆ. ಇನ್ನೊಂದು ಮಾತು, ಕಡಕ್‌ನಾಥ್ ಮೋಹ ಬಿಡಿ. ನಮ್ಮ ನಾಟಿ ಗಿರಿರಾಜ ಸಾಕಿ, ಕಲ್ಲು ತಿಂದು ಬದುಕುತ್ತದೆ.

ಪಟ್ಟೆಗರಿ:
ಗಿರಿರಾಜ ನಾಟಿಯಲ್ಲ ಸರ್. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಲವು ತಳಿಗಳನ್ನು ಕೂಡಿಸಿ 1989ರಲ್ಲಿ ಬಿಡುಗಡೆ ಮಾಡಿದ ಕೋಳಿ ಅದು.

ಶಿರಾ_ಹುಂಜ:
ಮೂವತ್ತು ವರ್ಷದಿಂದ ನಮ್ಮ ತಿಪ್ಪೆಯಲ್ಲಿ ಕೆದಕಿ ತಿಂದ ಕೋಳಿ ನಾಟಿಯಲ್ಲದೆ ಇನ್ನೇನು? ನನ್ನ ಗೂಡಿನಲ್ಲಿ ಈಗ 60 ಇವೆ. ಎರಡಂತಸ್ತಿನ ಗೂಡು, ಬಿದಿರಿನ ಅಟ್ಟ, ತಾನಾಗಿ ತುಂಬುವ ನೀರಿನ ಬಟ್ಟಲು, ಎಲ್ಲವನ್ನೂ ಕೈಯಾರೆ ಮಾಡಿದ್ದು. ಫೋಟೋ ಹಾಕುತ್ತೇನೆ.

ಪಟ್ಟೆಗರಿ:
ಎಷ್ಟು ವರ್ಷ ಸಾಕಿದರೂ ತಳಿ ಬದಲಾಗುವುದಿಲ್ಲ. ಆ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಅಲ್ಲಿಗೆ ಬರುತ್ತೇನೆ.

ತೀರ್ಥಹಳ್ಳಿ_ಗೂಡು:
ಅಕ್ಕ, ಸತ್ತವು ಮೂಲೆಯಲ್ಲಿ ಚಪ್ಪಟೆಯಾಗಿ ಬಿದ್ದಿದ್ದವು ಎಂದು ಮೊದಲೇ ಬರೆದಿದ್ದೀರಿ. ಒಂದರ ಮೇಲೊಂದು ಹತ್ತಿ ಅಡಿಯವು ಉಸಿರುಕಟ್ಟಿ ಸತ್ತಿವೆ. ಚಳಿಗೆ ಹೀಗೆ ಗುಡ್ಡೆ ಬೀಳುತ್ತವೆ. ಯಾವ ಬಲ್ಬು ಹಾಕಿದ್ದೀರಿ?

ಕೊಪ್ಪದ_ಹಿತ್ತಲು:
9 ವ್ಯಾಟ್, ಬಿಳಿ ಬೆಳಕಿನದು. ಇಡೀ ರಾತ್ರಿ ಉರಿಯುತ್ತದೆ.

ತೀರ್ಥಹಳ್ಳಿ_ಗೂಡು:
ಅದು ಎಲ್‌ಇಡಿ. ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಈ ಚಳಿಯಲ್ಲಿ ಅವು ರಾತ್ರಿಯಿಡೀ ನಡುಗಿವೆ. ಅಂಗಡಿಯಲ್ಲಿ ತಂತಿ ಇರುವ ಹಳೆಯ ಬಗೆಯ 100 ವ್ಯಾಟ್ ಬಲ್ಬು ಕೇಳಿ. ಮರಿಗಳ ಬೆನ್ನಿನಿಂದ ಒಂದೂವರೆ ಅಡಿ ಎತ್ತರಕ್ಕೆ, ಹಗ್ಗಕ್ಕಲ್ಲ, ಕಬ್ಬಿಣದ ತಂತಿಗೆ ಬಿಗಿದು ಕಟ್ಟಿ. ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಮೂಲೆಗಳೇ ಇರದಂತೆ ರಟ್ಟನ್ನು ದುಂಡಗೆ ಬಳಸಿ ನಿಲ್ಲಿಸಿ. ಮೊದಲ ವಾರ ಮರಿಗಳ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಲಿ, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ಬಲ್ಬಿನ ಅಡಿ ಗುಂಪಾದರೆ ಕಾವು ಸಾಲದು, ದೂರ ಸರಿದು ಬಾಯಿ ತೆರೆದು ಉಸಿರಾಡಿದರೆ ಹೆಚ್ಚಾಗಿದೆ. ಅಂಟಿದ ಹಿಕ್ಕೆಯನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಮೆಲ್ಲಗೆ ಒರೆಸಿ, ಎಳೆದರೆ ಚರ್ಮ ಕಿತ್ತು ಬರುತ್ತದೆ.

ಶಿರಾ_ಹುಂಜ:
ಕಾವು ಸರಿ. ಆದರೂ ಲಸಿಕೆ ಮರೆಯಬೇಡಿ.

ಕೊಪ್ಪದ_ಹಿತ್ತಲು (ಎರಡು ದಿನದ ನಂತರ):
ಬಲ್ಬು ಎಂದರೆ ಬಲ್ಬು ಎಂದುಕೊಂಡಿದ್ದೆ. ಬದಲಿಸಿದ ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ನೋಡಿದೆ. ಚೆಲ್ಲಿದ ಎಳ್ಳಿನಂತೆ ಹರಡಿಕೊಂಡು, ರೆಕ್ಕೆ ಬಿಟ್ಟು, ಕತ್ತನ್ನು ಹೊಟ್ಟಿನ ಮೇಲೆ ಚಾಚಿ ಮಲಗಿದ್ದವು. ಅಷ್ಟು ದಿನ ಕೇಳುತ್ತಿದ್ದ ಚಿಂವ್ ಚಿಂವ್ ನಿಂತಿತ್ತು. ಮೊದಲೇ ಸೊರಗಿದ್ದ ಒಂದು ನಿನ್ನೆ ಹೋಯಿತು. 13 ಇವೆ. ನಾಳೆ ಲಸಿಕೆಗೆ ಪಶು ಆಸ್ಪತ್ರೆಗೆ ಒಯ್ಯುತ್ತೇನೆ. ತೀರ್ಥಹಳ್ಳಿಯವರೇ, ನಿಮ್ಮ ಋಣ ದೊಡ್ಡದು. ಪಟ್ಟೆಗರಿಯವರೇ, ಬೊಟ್ಟಿಲ್ಲದ ಎರಡು ಮರಿಗಳ ನಾಲಿಗೆಯ ತುದಿ ಗುಲಾಬಿಯಾಗಿದೆ, ಬುಡ ಕಪ್ಪು. ಅವು ಮಿಶ್ರವೇ?

ಪಟ್ಟೆಗರಿ:
ಹಗಲು ಬೆಳಕಿನಲ್ಲಿ ಕಾಲಿನ, ಬಾಯಿಯ ಫೋಟೋ ಹಾಕಿ, ನೋಡಿ ಹೇಳುತ್ತೇನೆ.