ಅಪ್‌ಡೇಟ್: ಆಟಿಸಂ ಇರುವ ಮಗನ ಥೈರಾಯ್ಡ್ ರಿಪೋರ್ಟ್ ವಿಚಾರ

ಹಾಸನದಿಂದ ಕೇಳಿದ್ದೆನಲ್ಲ: ಆಟಿಸಂ ಇರುವ ಮಗನಿಗೆ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ತೀರಾ ಕಡಿಮೆ, ಟಿ4 (ಆ ಗ್ರಂಥಿಯೇ ಮಾಡುವ ಹಾರ್ಮೋನ್) ಜಾಸ್ತಿ, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಅಂತ ಬಂದಿದೆ, ಅವನ ಚಡಪಡಿಕೆಗೆ, ನಿದ್ದೆ ಇಲ್ಲದಿರುವುದಕ್ಕೆ ಅದೇ ಕಾರಣವಾ ಅಂತ. ಉತ್ತರ ಸಿಕ್ಕಿತು.

ಅವನ ವಿಟಮಿನ್ ಪೌಡರ್‌ನಲ್ಲಿ ಬಯೋಟಿನ್ (ಒಂದು ಬಿ ವಿಟಮಿನ್) ಇದೆಯಾ ನೋಡಿ ಎಂದವರಿಗೆ ದೊಡ್ಡ ನಮಸ್ಕಾರ. ಇತ್ತು, ಅದೂ ಜಾಸ್ತಿ ಪ್ರಮಾಣದಲ್ಲಿ. ಅದರಿಂದ ಥೈರಾಯ್ಡ್ ಗ್ರಂಥಿ ಕೆಡುವುದಿಲ್ಲವಂತೆ, ರಿಪೋರ್ಟ್ ಮಾತ್ರ ಕೆಡುತ್ತದೆ! ಹಲವು ಲ್ಯಾಬ್‌ಗಳ ಪರೀಕ್ಷೆಯಲ್ಲೇ ಬಯೋಟಿನ್ ಬಳಸುತ್ತಾರೆ. ರಕ್ತದಲ್ಲೂ ಅದು ಹೆಚ್ಚಿದ್ದರೆ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಅಂತ ಸುಮ್ನೆ ತೋರಿಸಿಬಿಡುತ್ತದೆ. ಮಕ್ಕಳ ವೈದ್ಯರನ್ನು ಕೇಳಿ ಪೌಡರ್ ನಿಲ್ಲಿಸಿದೆವು. ಕೆಲವು ದಿನ ಬಿಟ್ಟು ಮತ್ತೆ ರಕ್ತ ಕೊಟ್ಟೆವು. ಎರಡೂ ನಾರ್ಮಲ್.

ಥೈರಾಯ್ಡ್‌ಗೆ ಒಳ್ಳೆಯದಲ್ಲ, ಎಲೆಕೋಸು ತಿನ್ನುವುದನ್ನು ಬಿಡಿಸಿ ಎಂಬ ಸಲಹೆಯಿಂದ ಏನೂ ಆಗಲಿಲ್ಲ. ಅವನು ತಿನ್ನುವ ತರಕಾರಿಯೇ ಬೆರಳೆಣಿಕೆಯಷ್ಟು ಅಲ್ವಾ, ಊಟವೇ ಕಡಿಮೆಯಾಯಿತು.

ವೈದ್ಯರು ಇನ್ನೊಂದು ಹೇಳಿದರು. ಇದಕ್ಕೆ ಉಲ್ಟಾ, ಮಗುವಿಗೆ ನಿಜವಾಗಿ ಥೈರಾಯ್ಡ್ ಹಾರ್ಮೋನ್ ಕೊರತೆ ಇದ್ದರೆ ಮಾತ್ರೆ ಬೇಕೇ ಬೇಕು. ಮಂಕುತನ, ಮಲಬದ್ಧತೆ, ಕುಂಠಿತ ಬೆಳವಣಿಗೆ ಅದರಿಂದ ಸುಧಾರಿಸಬಹುದು. ಆದರೆ ಅದು ಆಟಿಸಂಗೆ ಮದ್ದಲ್ಲ.

ಮಾತಿನ ತರಬೇತಿಗೆ ಮೈಸೂರಿನ ಆಯಿಷ್‌ಗೆ (ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ) ಹೋಗುತ್ತಿದ್ದೇವೆ. ನಿದ್ದೆ ಇನ್ನೂ ಸರಿಹೋಗಿಲ್ಲ, ವೈದ್ಯರು ಬೇರೆ ಕಾರಣ ಹುಡುಕುತ್ತಿದ್ದಾರೆ.