ಅಗಸೆ ಎಣ್ಣೆ ಹಚ್ಚಿ ಮೂರು ವಾರ ಆಯ್ತು, ಕೋವಿಯ ಮರ ಇನ್ನೂ ಅಂಟಂಟು

ಪ್ರಶ್ನೆ: ನಮ್ಮ ಮನೆ ಮಡಿಕೇರಿ ಹತ್ತಿರ. ಅಜ್ಜನ ಕಾಲದ 12 ಬೋರ್ ಜೋಡು ನಳಿಗೆ ಕೋವಿ, ಮರ ವಾಲ್‌ನಟ್. ಹಳೇ ವಾರ್ನಿಷ್ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು ಅಂತ ಜೂನ್ ಕೊನೆಗೆ ಪೂರ್ತಿ ಕೆರೆದು, ಉಪ್ಪು ಕಾಗದ ಉಜ್ಜಿ, ಅಗಸೆ ಎಣ್ಣೆ ಹಚ್ಚಿದೆ. ಎಣ್ಣೆ ಕುಡಿದಷ್ಟೂ ಮರ ಗಟ್ಟಿ ಅಂದುಕೊಂಡು ಬ್ರಷ್‌ನಲ್ಲಿ ಮೂರು ಸಲ ಧಾರಾಳವಾಗಿ ಬಳಿದೆ. ಇವತ್ತೂ ಕೈಯಿಟ್ಟರೆ ಬೆರಳಿನ ಗುರುತು ಬೀಳುತ್ತದೆ, ಅಲ್ಲಲ್ಲಿ ಬೂಷ್ಟು ಬೇರೆ ಬಂದಿದೆ. ಸೆಪ್ಟೆಂಬರ್ 3ಕ್ಕೆ ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗೆ ಇಡಬೇಕು. ಮೇಲೆ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆದರೆ ಸರಿಹೋಗುತ್ತದಾ?

ಉತ್ತರ: ಈಗ ಪಿಯು ಹೊಡೆಯಬೇಡಿ. ಕೆಳಗೆ ಎಣ್ಣೆ ಹಸಿ ಇದ್ದರೆ ಮೇಲಿನ ಪದರ ಕಚ್ಚುವುದಿಲ್ಲ, ಸುಕ್ಕುಗಟ್ಟಿ ಎದ್ದು ಬರುತ್ತದೆ. ನೀವು ಹಚ್ಚಿದ್ದು ಗಾಣದ ಎಣ್ಣೆಯಾ, ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡಾ?

ಪ್ರಶ್ನೆ: ಗಾಣದ್ದೇ ಅಣ್ಣ.

ಉತ್ತರ: ಹಾಗಾದ್ರೆ ಕಾರಣ ಅದೇ. ಅಗಸೆ ಎಣ್ಣೆ ನೀರಿನ ಹಾಗೆ ಆರಿ ಹೋಗುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಂಥದ್ದು. ಗಾಣದ ಎಣ್ಣೆಗೆ ವಾರಗಟ್ಟಲೆ ಬೇಕು, ನಮ್ಮ ಮಳೆಗಾಲದ ಥಂಡಿಯಲ್ಲಿ ಇನ್ನೂ ಜಾಸ್ತಿ. ದಪ್ಪ ಬಳಿದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿಯಾಗೇ ಉಳಿಯುತ್ತದೆ. ಡಬಲ್ ಬಾಯಿಲ್ಡ್‌ಗೆ ಬೇಗ ಒಣಗಲು ಡ್ರೈಯರ್ ಸೇರಿಸಿರುತ್ತಾರೆ.

ಮೊದಲು ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ನಳಿಗೆ, ಕಬ್ಬಿಣದ ಭಾಗ ಎಲ್ಲ ಬಿಚ್ಚಿಡಿ. ಬಟ್ಟೆಗೆ ಟರ್ಪಂಟೈನ್ ಹಾಕಿ ಮರದ ಎಳೆಯ ಉದ್ದಕ್ಕೇ ಉಜ್ಜಿ, ಅಂಟು ಪೂರ್ತಿ ಹೋಗುವವರೆಗೆ. ಆಮೇಲೆ ಒಂದು ವಾರ ಫ್ಯಾನ್ ಕೆಳಗೆ ಬಿಡಿ. ಬೇಗ ಒಣಗಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ, ಮರ ಬಿರುಕು ಬಿಡುತ್ತದೆ. ಒಣಗಿದ ಮೇಲೆ 320 ನಂಬರ್ ಕಾಗದ ಹಗುರವಾಗಿ ಆಡಿಸಿ.

ಹಚ್ಚುವುದಕ್ಕೆ ನಾನು ಹೇಳುವುದು ಆಯಿಲ್ ವಾರ್ನಿಷ್, ಟರ್ಪಂಟೈನ್ ಜೊತೆ ಅರ್ಧಕ್ಕರ್ಧ. ಬಟ್ಟೆಯಲ್ಲಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆದುಬಿಡಿ. ಏನೂ ಹಚ್ಚಿಲ್ಲವೇನೋ ಅನ್ನಿಸುವಷ್ಟು ತೆಳು ಇರಬೇಕು. ಪೂರ್ತಿ ಒಣಗಿದ ಮೇಲೇ ಮುಂದಿನ ಕೈ, ಈ ಹವೆಗೆ ಎರಡು ದಿನ ಬೇಕಾದೀತು. ಹೀಗೆ ಐದಾರು ಕೈ. ಪಿಯು ನೀರು ತಡೆಯುವುದರಲ್ಲಿ ಗಟ್ಟಿಯೇ, ಸುಳ್ಳಲ್ಲ. ಆದರೆ ತೋಟದಲ್ಲಿ ಮುಳ್ಳು ಗೀರಿ ಒಂದು ಕಡೆ ಪದರ ಒಡೆದರೆ ಅಲ್ಲಿಂದ ನೀರು ಒಳಗೆ ಹೋಗುತ್ತದೆ, ತೇಪೆ ಹಚ್ಚಿದರೆ ಎದ್ದು ಕಾಣುತ್ತದೆ. ಒರೆಸಿದ ವಾರ್ನಿಷ್ ಆದರೆ ಗೀರಿದ ಜಾಗಕ್ಕೆ ಇನ್ನೊಂದು ಕೈ ತಿಕ್ಕಿದರೆ ಆಯ್ತು.

ಎಲ್ಲಕ್ಕಿಂತ ಮುಖ್ಯ, ಬಟ್ ಪ್ಲೇಟ್, ಅಂದರೆ ಹೆಗಲಿಗೆ ಒರಗುವ ತುದಿಯ ಪಟ್ಟಿ, ಬಿಚ್ಚಿ. ಅಲ್ಲಿ ಮರದ ಎಳೆಗಳು ಬಾಯಿ ತೆರೆದುಕೊಂಡಿರುತ್ತವೆ, ಕೊಳವೆಯಂತೆ ನೀರು ಎಳೆಯುತ್ತವೆ. ಹೊರಗೆ ಎಷ್ಟು ಮಿಂಚಿಸಿದರೂ ಇಲ್ಲಿ ಹಚ್ಚದಿದ್ದರೆ ಅಷ್ಟೂ ಕೆಲಸ ವ್ಯರ್ಥ. ಅದು ಕುಡಿಯುವುದು ನಿಲ್ಲಿಸುವವರೆಗೆ ಹಚ್ಚಿ. ಕಬ್ಬಿಣ ಕೂರುವ ಗುಳಿಗೆ ಮಾತ್ರ ತೆಳುವಾಗಿ ಒಂದೇ ಕೈ, ದಪ್ಪವಾದರೆ ಅದು ಸರಿಯಾಗಿ ಕೂರುವುದಿಲ್ಲ.

ಇನ್ನೊಂದು, ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳುತ್ತವೆ. ನೀರಿನ ಬಕೆಟ್‌ನಲ್ಲಿ ಮುಳುಗಿಸಿಡಿ.

ಪ್ರಶ್ನೆ: ಅಣ್ಣ, ಅಂಟು ಹೋಯ್ತು, ಎರಡು ಕೈ ಹಚ್ಚಿದೆ, ಮರದ ಗೆರೆಗಳು ಚೆನ್ನಾಗಿ ಕಾಣುತ್ತಿವೆ. ಬಟ್ ಪ್ಲೇಟ್ ಇವತ್ತು ಬಿಚ್ಚಿದೆ. ಸ್ಕ್ರೂ ತೂತಿನ ಸುತ್ತ ಎಂಟಾಣೆ ಅಗಲ ಕಪ್ಪಾಗಿದೆ. ಇಷ್ಟು ವರ್ಷ ಯಾರೂ ಅಲ್ಲಿಗೆ ಏನೂ ಹಚ್ಚೇ ಇಲ್ಲ.

ಉತ್ತರ: ಉಗುರು ಒತ್ತಿ ನೋಡಿ. ಗಟ್ಟಿ ಇದ್ದರೆ ಅದು ತುಕ್ಕಿನ ಕಲೆ, ಒಣಗಿಸಿ ಹಚ್ಚಿ. ಉಗುರು ಇಳಿದರೆ ಮರ ಕೊಳೆತಿದೆ ಅಂತ. ಆಗ ಪೂಜೆಗೆ ಇಡಿ, ಆದರೆ ಕೋವಿ ರಿಪೇರಿಯವರಿಗೆ ತೋರಿಸದೆ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಬೇಡಿ.